‘ಮೋಟರ್ ನಿಂತಿದೆ’ ಎಂದು ಬರೆದವಳು

ನೊಣವಿನಕೆರೆಯ ದಾನೇಶ್ವರಿ ತಿಪಟೂರಿನಲ್ಲೇ ಕಾಲೇಜು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದವಳು. ಬಸ್ ನಿಲ್ದಾಣದ ಹಿಂದಿನ ಬೀದಿಯ ಅಂಗಡಿಯಲ್ಲಿ ಅವಳ ಮಾಲೀಕ ರೇಣುಕಪ್ರಸಾದ್ ಮೊಬೈಲ್ ಸ್ಟಾರ್ಟರ್ ತಯಾರಿಸುತ್ತಿದ್ದರು. ತೋಟದ ಬೋರ್‌ವೆಲ್ ಮೋಟರನ್ನು ಮನೆಯಲ್ಲೇ ಕೂತು ಫೋನಿನಿಂದ ಹಾಕುವ, ಆರಿಸುವ ಪೆಟ್ಟಿಗೆ ಅದು. ಅದರ ಆ್ಯಪ್ ಬರೆದದ್ದು ದಾನೇಶ್ವರಿ ಒಬ್ಬಳೇ. ಕರೆಂಟು ಬಂತೆಂದರೆ ಉಣ್ಣುವುದನ್ನೂ ಬಿಟ್ಟು ತೋಟಕ್ಕೆ ಓಡುತ್ತಿದ್ದವರಿಗೆ ಅದರಿಂದ ನೆಮ್ಮದಿಯಾಗಿತ್ತು. ಬಸ್ಸಿನಲ್ಲಿ ಪಕ್ಕದವರು ಆ ಆ್ಯಪ್ ತೆರೆದರೆ, ತಾನು ಯಾರೆಂದು ಹೇಳದೆ ಅವಳು ಸುಮ್ಮನೆ ಖುಷಿಪಡುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅರಳಗುಪ್ಪೆಯಿಂದ ಸುದ್ದಿ ಬಂತು. ಲಕ್ಷ್ಮಯ್ಯ ಎಂಬ ರೈತರು ಮೋಟರಿನ ಸಡಿಲವಾದ ವೈರ್ ಬಿಗಿ ಮಾಡಲು ಹೋಗಿ ಕರೆಂಟ್ ಹೊಡೆಸಿಕೊಂಡಿದ್ದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು. ವೈರ್ ಮುಟ್ಟುವ ಮೊದಲು ಅವರು ಫೋನಿನಲ್ಲಿ ಮೋಟರ್ ಆರಿಸಿದ್ದರು. ‘ಮೋಟರ್ ನಿಂತಿದೆ’ ಎಂದು ಬಂದಿತ್ತು.

ಗುಂಡಿ ಒತ್ತಿದ ಕೂಡಲೇ ಆ ಮಾತು ಬರುವಂತೆ ಬರೆದವಳು ದಾನೇಶ್ವರಿಯೇ. ಪೆಟ್ಟಿಗೆಯಿಂದ ಉತ್ತರ ಬರುವವರೆಗೆ ಕಾಯಿಸಿದರೆ ಜನ ಬೇಸರಪಡುತ್ತಾರೆಂದು ಹಾಗೆ ಮಾಡಿದ್ದಳು. ಅಂಗಡಿಯ ಮೇಜಿನ ಮೇಲೆ ಪರೀಕ್ಷಿಸಿದಾಗಲೆಲ್ಲ ಮೋಟರ್ ನಿಂತಿತ್ತು. ಆದರೆ ಆ ದಿನ ತೋಟದಲ್ಲಿ ಕರೆಂಟ್ ಇರಲಿಲ್ಲ, ಪೆಟ್ಟಿಗೆಗೆ ಸಂದೇಶ ತಲುಪಲಿಲ್ಲ. ಆರದೇ ಉಳಿದಿದ್ದ ಮೋಟರ್, ಅವರ ಕೈ ವೈರ್ ಮೇಲಿದ್ದಾಗಲೇ ಕರೆಂಟ್ ಬಂದು ತಾನಾಗಿ ಶುರುವಾಗಿತ್ತು.

“ಫ್ಯೂಸ್ ಕೀಳದೆ ವೈರ್ ಮುಟ್ಟಬಾರ್ದು ಅಂತ ಪೆಟ್ಟಿಗೆ ಮೇಲೇ ಬರೆದೈತೆ ಕಣಮ್ಮ. ನಮ್ದೇನು ತಪ್ಪು?” ಎಂದರು ರೇಣುಕಪ್ರಸಾದ್.

“ಪೆಟ್ಟಿಗೆ ಮೇಲಿರೋದನ್ನ ಅವ್ರು ಓದ್ಲಿಲ್ಲ ಸಾರ್. ಫೋನಲ್ಲಿ ನಾನು ಬರೆದಿದ್ದನ್ನ ನಂಬುದ್ರು.”

ಭಾನುವಾರ ಅವಳು ಅರಳಗುಪ್ಪೆಗೆ ಹೋದಳು. ಜಗುಲಿಯ ಮೇಲೆ ಲಕ್ಷ್ಮಯ್ಯನವರಿಗೆ ಹೆಂಡತಿ ಮರಿಯಮ್ಮ ತುತ್ತು ಕೊಡುತ್ತಿದ್ದರು. ದಾನೇಶ್ವರಿ ತಾನು ಯಾರೆಂದು ಹೇಳಿದಾಗ ಮರಿಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಕೂತುಕೋ ಎಂದು ಯಾರೂ ಹೇಳಲಿಲ್ಲ.

“ಮೋಟರ್ ನಿಂತೈತೋ ಇಲ್ವೋ, ಫೋನಿಗೆ ಗೊತ್ತಿರ್ಲಿಲ್ಲ ಯಜಮಾನ್ರೇ. ಗೊತ್ತಿರೋ ಹಂಗೆ ಹೇಳ್ತು. ಹಂಗೆ ಹೇಳ್ಸಿದ್ದು ನಾನು.”

ಲಕ್ಷ್ಮಯ್ಯ ಕಟ್ಟು ಹಾಕಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡರು. “ಗೊತ್ತಿಲ್ಲ ಅಂತ್ಲೇ ಬರೀಬಹುದಿತ್ತಲ್ಲವ್ವ. ಫ್ಯೂಸ್ ಕಿತ್ತು ಆಮೇಲೆ ಕೈ ಹಾಕ್ತಿದ್ದೆ.”

“ಇವರ ಕೈ ಹೋಯ್ತು ಬುಡು ತಾಯಿ,” ಎಂದರು ಮರಿಯಮ್ಮ. “ಇಂಥ ಪೆಟ್ಟಿಗೆ ಇನ್ಯಾರ್ಯಾರ ತೋಟದಾಗೈತೋ, ಮೊದ್ಲು ಅವರ್ಗೆ ಹೇಳೋಗು.”

ಮರುದಿನ ಅಂಗಡಿಯಲ್ಲಿ, ಪೆಟ್ಟಿಗೆ ಕೊಂಡವರಿಗೆಲ್ಲ ಹೇಳೋಣವೇ ಎಂದು ಅವಳು ಕೇಳಿದಳು. “ಎಲ್ರಿಗೂ ಹೇಳುದ್ರೆ ಅಂಗಡಿ ಬಾಗ್ಲಾಕ್ಬೇಕಾಯ್ತದೆ,” ಎಂದರು ರೇಣುಕಪ್ರಸಾದ್. “ಸದ್ದಿಲ್ದಂಗೆ ಸರಿಮಾಡಿ ಬುಡು.”

“ಸರಿಮಾಡಿದ್ದು ಅವರ ಫೋನಿಗೆ ಹೋಗೋವರ್ಗೂ ಇನ್ನೊಬ್ರು ವೈರ್ ಮುಟ್ಟುದ್ರೆ ಸಾರ್?”

ಅವರು ಗಿರಾಕಿಗಳ ನಂಬರ್ ಬರೆದಿದ್ದ ಪುಸ್ತಕ ತೆಗೆದರು. ಆಮೇಲೆ ಅಂಗಡಿಯ ಫೋನನ್ನು ಅವಳತ್ತ ಸರಿಸಿದರು.

ದಾನೇಶ್ವರಿ ಒಬ್ಬೊಬ್ಬರಿಗೂ ಫೋನ್ ಮಾಡಿ, ತಪ್ಪು ತನ್ನದೆಂದೇ ಹೇಳಿದಳು. ಕೆಲವರು ಬೈದರು, ಕೆಲವರು ಪೆಟ್ಟಿಗೆ ವಾಪಸ್ ತಂದರು. ತುರುವೇಕೆರೆಯ ಅಂಗಡಿಯವರು ಮಾರುವುದನ್ನೇ ನಿಲ್ಲಿಸಿದರು. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬಾಕೆ ಮಾತ್ರ ಉತ್ತರ ಕೊಡದೆ, ಫೋನ್ ಹಿಡಿದುಕೊಂಡೇ ಓಡಿದ್ದು ಕೇಳಿಸಿತು. “ಮುಟ್ಬ್ಯಾಡ ಕಣ್ಲಾ ಕಲ್ಲೇಶ, ಫ್ಯೂಸ್ ಕೀಳು ಮೊದ್ಲು.” ಆ ಕಲ್ಲೇಶನಿಗೆ ಅಪಾಯವಿತ್ತೋ ಇಲ್ಲವೋ, ದಾನೇಶ್ವರಿಗೆ ತಿಳಿಯಲಿಲ್ಲ. ಫೋನ್ ಇಟ್ಟು ಅತ್ತಳು.

ವ್ಯಾಪಾರ ಇಳಿಯಿತು, ಅಂಗಡಿ ಮುಚ್ಚಲಿಲ್ಲ. ಅವಳು ಈಗಲೂ ಅಲ್ಲೇ ಇದ್ದಾಳೆ. ಏನೇ ಹೊಸದು ಬರೆದರೂ ಸಿಗ್ನಲ್ ಸಿಗದ ತೋಟಕ್ಕೆ ಒಯ್ದು, ಕರೆಂಟ್ ತೆಗೆಸಿ ನೋಡುತ್ತಾಳೆ. ಉತ್ತರ ಬರದಿದ್ದರೆ ಆ್ಯಪ್ ಈಗ ‘ಗೊತ್ತಿಲ್ಲ, ಹೋಗಿ ನೋಡಿ’ ಎನ್ನುತ್ತದೆ. ಲಕ್ಷ್ಮಯ್ಯ ತಮ್ಮ ತೋಟದ ಪೆಟ್ಟಿಗೆಯನ್ನು ತೆಗೆಸಿಬಿಟ್ಟರು. ಮತ್ತೆ ಹಾಕಿಸಿಕೊಳ್ಳಿ ಎಂದು ಅವಳು ಕೇಳಲಿಲ್ಲ.