ಖಲೀಲ್ ಸಾಹೇಬರು ಜೋಡಿಸದ ಕಾರ್ಬುರೇಟರು

ಖಲೀಲ್ ಸಾಹೇಬರಿಗೆ ಸರ್ಟಿಫಿಕೇಟು ಸಿಕ್ಕುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಮ್ಯಾನೇಜರ್ ಶಿವಣ್ಣ. ಎರಡನೆಯವರು ಸ್ವತಃ ಖಲೀಲ್ ಸಾಹೇಬರು. ಇಬ್ಬರೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕುಳಿತು, ಟೀ ಕುಡಿಯುತ್ತಾ ಹೇಳಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

‘ಸೈನ್ ಮಾಡಕ್ಕೇ ಬರಲ್ಲ. ಇವ್ರಿಗೆ ಯಾವನ್ ಕೊಡ್ತಾನೆ ಸರ್ಟಿಫಿಕೇಟು?’ ಎಂದರು ಶಿವಣ್ಣ.

‘ದಿಟ ಕಣ್ಲಾ ಶಿವಣ್ಣ. ನಂಗೆ ಕಾಗ್ದ ಕೊಡೋನು ಇನ್ನೂ ಉಟ್ಟಿಲ್ಲ’ ಎಂದರು ಸಾಹೇಬರು. ‘ಆದ್ರೆ ಒಂದ್ ಕೆಲ್ಸ ಮಾಡು. ನಿನ್ ಕಾಗ್ದವ ತಂದು ಎಮ್ಮೆ ಮೂತಿಗ್ ಇಡು. ಸ್ಟಾರ್ಟ್ ಆಯ್ತದಾ ನೋಡವ.’

ಎಮ್ಮೆ ಎಂದರೆ ನಮ್ಮಲ್ಲಿರುವ ದಪ್ಪ ಟೈರಿನ, ನಾಲ್ಕು ಚಕ್ರದ ಬೈಕುಗಳು. ಎಟಿವಿ ಎಂದು ಬೋರ್ಡಿನಲ್ಲಿ ಬರೆದಿದೆ. ಬಾಬುರಾಯನಕೊಪ್ಪಲು ದಾಟಿ ಮೈಸೂರು ರಸ್ತೆಯಿಂದ ಒಳಗೆ ಹೋದರೆ ನಾಲ್ಕು ಎಕರೆಯಲ್ಲಿ ಗುಡ್ಡ ಗುಂಡಿ ಮಾಡಿ, ಹಳೇ ಟೈರು ಸುತ್ತ ನೆಟ್ಟು, ಅದರೊಳಗೆ ಊರೂರಿನಿಂದ ಬಂದವರು ಈ ಗಾಡಿ ಓಡಿಸುತ್ತಾರೆ. ಎಂಟು ಗಾಡಿ. ಎಂಟಕ್ಕೂ ಖಲೀಲ್ ಸಾಹೇಬರೊಬ್ಬರೇ ವೈದ್ಯರು. ನಾನು ಅಲ್ಲಿ ಟಿಕೆಟ್ ಕೌಂಟರಿನಲ್ಲಿದ್ದೇನೆ.

ಕಾಗದದ ಮಾತು ಬಂದದ್ದು ವಿಮೆಯವರಿಂದ. ತರಬೇತಿ ಪ್ರಮಾಣಪತ್ರ ಇದ್ದವರು ಮಾತ್ರ ಗಾಡಿ ಮುಟ್ಟಬೇಕು, ಇಲ್ಲದಿದ್ದರೆ ಅಪಘಾತವಾದಾಗ ನಮ್ಮನ್ನು ಕೇಳಬೇಡಿ ಎಂದರು. ಮಾಲೀಕರು ಮೂರು ತಿಂಗಳು ಗಡುವು ಕೊಟ್ಟರು. ಅಷ್ಟರೊಳಗೆ ಕಾಗದ ತರದಿದ್ದರೆ ಸಾಹೇಬರು ಮನೆಗೆ. ಅವರಿಗಾಗ ಅರವತ್ತೊಂದು ವರ್ಷ. ಕೆ.ಆರ್. ಪೇಟೆಯ ಸಂತೆ ಬೀದಿಯಲ್ಲಿ ಮೊಪೆಡ್ ರಿಪೇರಿಯಿಂದ ಶುರು ಮಾಡಿ ನಲವತ್ತು ವರ್ಷ ಎಂಜಿನ್ನುಗಳ ಹೊಟ್ಟೆಯಲ್ಲಿ ಕೈ ಇಟ್ಟ ಮನುಷ್ಯ, ಇನ್ನೊಬ್ಬ ಬಂದು ‘ಮುಟ್ಟಬೇಡಿ’ ಎಂದರೆ ಹೇಗಿರುತ್ತದೆ? ಅಂದಿನಿಂದ ಸಾಹೇಬರು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚುವುದನ್ನು ನಾನು ನೋಡುತ್ತಿದ್ದೆ.

ನನಗೆ ಕಾಗದ ಅಂದರೆ ಏನೆಂದು ಗೊತ್ತು. ಪಾಂಡವಪುರದ ಹತ್ತಿರ ಆಲೆಮನೆಯಲ್ಲಿ ನಮ್ಮಪ್ಪ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುವ ಕೆಲಸ ಮಾಡುತ್ತಿದ್ದರು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾದೆ, ಮೂರನೆಯ ಸಲ ಕಟ್ಟಿದೆ, ಪಾಸಾದೆ. ಸಾಹೇಬರು ನನ್ನನ್ನು ‘ಡಿಗ್ರಿಯಮ್ಮ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಗೇಲಿ ಮಾಡುತ್ತಾರೆಂದುಕೊಂಡಿದ್ದೆ. ಬೇರೆಯವರ ಎದುರು ಹೇಳುವಾಗ ಅವರು ಎದ್ದು ನಿಂತು ಹೇಳುವುದನ್ನು ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಅವರ ಕೆಲಸ ನೋಡುವುದೇ ಒಂದು ಪಾಠ. ಗಾಡಿ ಕೆಮ್ಮಲು ಶುರುವಾದರೆ ಉಳಿದವರು ನೇರ ಸ್ಪ್ಯಾನರಿಗೆ ಕೈ ಹಾಕುತ್ತಾರೆ. ಸಾಹೇಬರು ಮೊದಲು ಬಿಳಿ ಟವೆಲ್ಲೊಂದನ್ನು ನೆಲಕ್ಕೆ ಹಾಸುತ್ತಿದ್ದರು. ಆಮೇಲೆ ಬ್ರಷ್ಷು ಹಿಡಿದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಹೊರಗಿನ ಮಣ್ಣನ್ನೆಲ್ಲ ತೆಗೆಯುತ್ತಿದ್ದರು. ‘ಒರಗಿನ್ ಮಣ್ಣ ಬುಟ್ಟು ಬಿಚ್ಚುದ್ರೆ ಅದೇ ಒಳಿಕ್ ಓಯ್ತದೆ. ಆಮೇಲ್ ಕ್ಲೀನ್ ಮಾಡಿದ್ದ್ಯಾಕೆ, ಬುಟ್ಟಿದ್ದ್ಯಾಕೆ?’ ಪೆಟ್ರೋಲ್ ಟ್ಯಾಪ್ ಮುಚ್ಚಿ, ಕೆಳಗಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ, ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಎರಡೂ ಕಡೆಯ ಪಟ್ಟಿ ಸಡಿಲಿಸಿ, ಆಕ್ಸಿಲರೇಟರ್ ಕೇಬಲ್ಲಿನ ಮುಚ್ಚಳವನ್ನು ತಿರುಗಿಸಿ ಎತ್ತಿ, ಅದರ ಉದ್ದ ಸೂಜಿ ಬಾಗದಂತೆ ಬಟ್ಟೆ ಸುತ್ತಿ ಹ್ಯಾಂಡಲ್ಲಿಗೆ ಕಟ್ಟುತ್ತಿದ್ದರು. ಆಮೇಲೆ ಕಾರ್ಬುರೇಟರನ್ನು ಎರಡೂ ಕೈಯಲ್ಲಿ ಹೊರತೆಗೆಯುತ್ತಿದ್ದರು. ಕಳಚಿದ ಭಾಗಗಳನ್ನು ಕಳಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಟವೆಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದರು. ಓದು ಬಾರದವರು ಬರೆದ ಸಾಲು ಅದು. ಜೋಡಿಸುವಾಗ ಬಲದಿಂದ ಎಡಕ್ಕೆ ಓದಿಕೊಂಡು ಬರುತ್ತಿದ್ದರು.

ಗಾಳಿ ಸ್ಕ್ರೂ ಒಂದಿದೆ. ಬಿಚ್ಚುವ ಮೊದಲು ಅದನ್ನು ಒಳಕ್ಕೆ ಪೂರ್ತಿ ತಿರುಗಿಸಿ, ಎಷ್ಟು ಸುತ್ತು ಬಂತೆಂದು ಲೆಕ್ಕ ಇಟ್ಟುಕೊಳ್ಳಬೇಕು. ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ ಬಿಡಬೇಕು. ಉಳಿದವರು ಗೋಡೆಯ ಮೇಲೆ ಬರೆದುಕೊಳ್ಳುತ್ತಾರೆ. ಸಾಹೇಬರು ಸುತ್ತಿಗೊಂದು ಹುಣಸೆಬೀಜ ಇಡುತ್ತಿದ್ದರು. ಅರ್ಧ ಸುತ್ತಿಗೆ ಒಡೆದ ಬೀಜ. ಜೇಬಿನಲ್ಲಿ ಸದಾ ಹತ್ತು ಹದಿನೈದು ಬೀಜ ಗಲಗಲ ಅನ್ನುತ್ತಿದ್ದವು. ಪೆಟ್ರೋಲು ಹಾಯುವ ಪುಟ್ಟ ಹಿತ್ತಾಳೆ ಜೆಟ್ಟಿನ ತೂತಿಗೆ ಕಬ್ಬಿಣದ ತಂತಿ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಿತ್ತಾಳೆ ಮೆದು, ತಂತಿ ಅದನ್ನು ಅಗಲ ಮಾಡುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಕಿತ್ತು ಅದರಲ್ಲೇ ಚುಚ್ಚಿ, ಗಾಳಿ ಹೊಡೆದು, ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು. ಕರಿಘಟ್ಟದ ದಿಕ್ಕಿನ ಬೆಳಕು ಸಾಸಿವೆಗಿಂತ ಸಣ್ಣ ಚುಕ್ಕೆಯಾಗಿ ಗುಂಡಗೆ ಕಂಡರೆ ‘ಆಂ’ ಎನ್ನುತ್ತಿದ್ದರು.

ನನಗೂ ಆ ಕೆಲಸ ಬಂತು. ಬಂದದ್ದು ನನ್ನ ತಪ್ಪಿನಿಂದ.

ವಿಮೆಯವರು ಬರುವುದಕ್ಕೂ ಮೊದಲಿನ ಒಂದು ಭಾನುವಾರ ಜನವೋ ಜನ, ಪೆಟ್ರೋಲು ಮುಗಿದಿತ್ತು. ಬಂಕಿಗೆ ಹೋಗುವವನಿಗೆ ಕ್ಯಾನಿರಲಿಲ್ಲ. ನಾನು ಮನೆಯಿಂದ ತಂದಿದ್ದ ಐದು ಲೀಟರಿನ ಕ್ಯಾನು ಕೌಂಟರಿನ ಕೆಳಗಿತ್ತು. ಕೊಟ್ಟೆ. ಅದು ಅಪ್ಪ ಆಲೆಮನೆಯಿಂದ ಜೋನಿಬೆಲ್ಲ ತರುತ್ತಿದ್ದ ಕ್ಯಾನು. ತೊಳೆದಿದ್ದೆ, ಆದರೆ ತಳದ ಮೂಲೆಯಲ್ಲಿ ಪಾಕ ಗಟ್ಟಿಯಾಗಿ ಕೂತಿದ್ದು ಕಂಡಿರಲಿಲ್ಲ. ಮಂಗಳವಾರದ ಹೊತ್ತಿಗೆ ಮೂರು ಗಾಡಿ ನಿಂತವು. ಸಾಹೇಬರು ಮೊದಲನೆಯದನ್ನು ಬಿಚ್ಚಿ, ಸ್ಪ್ರೇ ಹೊಡೆದರು, ಪೆಟ್ರೋಲಿನಲ್ಲಿ ನೆನೆಸಿದರು. ಬಟ್ಟಲಿಗೆ ಅಂಟಿದ್ದ ಕಂದು ಅಂಟು ಜಗ್ಗಲಿಲ್ಲ. ಉಗುರಿನಲ್ಲಿ ಕೆರೆದು ನಾಲಿಗೆಯ ತುದಿಗೆ ತಾಗಿಸಿ ಉಗಿದರು.

‘ಡಿಗ್ರಿಯಮ್ಮ, ಇಂಗ್ ಬಾ’ ಎಂದು ಕರೆದರು. ಶಿವಣ್ಣ ದೂರದಲ್ಲಿದ್ದರು. ಸಾಹೇಬರು ದನಿ ತಗ್ಗಿಸಿದರು. ‘ನಿಮ್ಮಪ್ಪನ್ ಬೆಲ್ಲ ಚೆಂದಾಗದೆ. ಆದ್ರೆ ಎಮ್ಮೆಗ್ ಯಾಕ್ ಕುಡ್ಸುದ್ಯವ್ವ?’

ಶಿವಣ್ಣನಿಗೆ ಗೊತ್ತಾಗಿದ್ದರೆ ಮೂರು ಗಾಡಿ ಕೆಡಿಸಿದವಳೆಂದು ಅಂದೇ ಕೆಲಸ ಹೋಗುತ್ತಿತ್ತು.

‘ಅಳ್ಬೇಡ. ಓಗಿ ಟೀ ಅಂಗ್ಡಿಯಿಂದ ಬಿಸ್ನೀರ್ ತಕಂಡ್ ಬಾ. ಬೆಲ್ಲ ಪೆಟ್ರೋಲ್ಗೆ ಕರಗಲ್ಲ, ನೀರ್ಗ್ ಕರಗ್ತದೆ. ಟ್ಯಾಂಕೂ ಇಳಿಸ್ಬೇಕು. ಒಂದ್ನ ನಾನ್ ಮಾಡ್ತೀನಿ, ಇನ್ನೆರಡ ನೀನ್ ಮಾಡು. ಕೆಡ್ಸಿದ್ ಕೈಯೇ ಸರಿ ಮಾಡ್ಬೇಕು.’

ಎರಡು ದಿನ ಕೌಂಟರಿನ ಬಿಡುವಿನಲ್ಲಿ ನಾನು ಬಿಚ್ಚಿದೆ, ತೊಳೆದೆ, ತೊಳೆದ ನೀರು ಒಂದು ಹನಿಯೂ ಉಳಿಯದಂತೆ ಗಾಳಿ ಹೊಡೆದು ಒಣಗಿಸಿದೆ. ಗಾಡಿ ಗುರ್ ಎಂದಾಗ ಸಾಹೇಬರು ನನ್ನನ್ನು ಹೊಗಳಲಿಲ್ಲ. ಹತ್ತು ನಿಮಿಷ ಕಾದು, ಬಗ್ಗಿ ಬಟ್ಟಲಿನ ಕೆಳಗೆ ಮೂಸಿದರು. ಪೆಟ್ರೋಲಿನ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗಾಡಿಯನ್ನು ಜನರಿಗೆ ಬಿಟ್ಟರು. ಅವರು ಯಾವ ಗಾಡಿಯನ್ನೂ ಮೂಸದೆ ಬಿಟ್ಟವರಲ್ಲ. ‘ಕೆಳ್ಗೆ ಎಂಜಿನ್ ಕಾದಿರ್ತದೆ, ಮೇಲ್ ಮಗ ಕುಂತಿರ್ತದೆ’ ಎನ್ನುತ್ತಿದ್ದರು. ಶಿವಣ್ಣ ಕೇಳಿದಾಗ ‘ಪೆಟ್ರೋಲಲ್ಲಿ ಕಸ ಬಂದಿತ್ತು’ ಎಂದಷ್ಟೇ ಹೇಳಿದರು.

ಅವರಿಗೆ ಕಾಗದ ಸಿಗುವುದಿಲ್ಲ ಎಂದು ಇಬ್ಬರೂ ಬೆಂಚಿನ ಮೇಲೆ ತೀರ್ಮಾನ ಮಾಡಿದಾಗ ನಾನು ಸುಮ್ಮನಿರಲು ಆಗದೆ ಇದ್ದದ್ದು ಇದಕ್ಕೇ. ವಿಚಾರಿಸಿದೆ. ಶಾಲೆಗೆ ಹೋಗದೆ ಕೆಲಸ ಕಲಿತವರಿಗೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತರಬೇತಿ ಕೇಂದ್ರವೊಂದು ನಾಗಮಂಗಲದಲ್ಲಿ ಇತ್ತು. ಓದಲು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳುತ್ತಾರೆ. ಆಮೇಲೆ ಕೈಕೆಲಸ. ಅರ್ಜಿ ತಂದು ಅವರ ಹೆಬ್ಬೆಟ್ಟು ಒತ್ತಿಸಿದೆ. ಒತ್ತುವಾಗ ಅವರು ಬೆರಳಿನ ಗ್ರೀಸನ್ನು ಮೂರು ಸಲ ಒರೆಸಿಕೊಂಡರು.

ಒಂದು ತಿಂಗಳು ಊಟದ ಹೊತ್ತಿನಲ್ಲಿ ಪಾಠ: ನಾನು ಪ್ರಶ್ನೆ ಓದುವುದು, ಅವರು ಉತ್ತರ ಹೇಳುವುದು. ಶಿವಣ್ಣ ಹಾದುಹೋಗುವಾಗಲೆಲ್ಲ ‘ಏನ್ ಸಾಹೇಬ್ರೇ, ಅ ಆ ಮುಗೀತಾ?’ ಎನ್ನುವರು. ‘ನಿನ್ನ ದಾಟಿ ಎಂಟ್ ದಿನ ಆಯ್ತು ಓಗ್ಲಾ’ ಎಂದು ಇವರು.

ಪರೀಕ್ಷೆಯ ದಿನ ಬೆಳಿಗ್ಗೆಯ ಬಸ್ಸಿನಲ್ಲಿ ಹೋದೆವು. ಪ್ರಶ್ನೆಗಳಲ್ಲಿ ಸಾಹೇಬರು ತಿಣುಕಿದರೂ ದಾಟಿದರು. ಕೈಕೆಲಸಕ್ಕೆ ಅಲ್ಲಿದ್ದದ್ದು ಯಾವುದೋ ರೆಸಾರ್ಟಿನವರು ಕೊಟ್ಟುಹೋದ ಹಳೆಯ ಎಟಿವಿ. ನಲವತ್ತೈದು ನಿಮಿಷದಲ್ಲಿ ಕಾರ್ಬುರೇಟರ್ ಬಿಚ್ಚಿ, ಸ್ವಚ್ಛ ಮಾಡಿ, ಮತ್ತೆ ಜೋಡಿಸಿ, ಗಾಡಿ ಸ್ಟಾರ್ಟ್ ಮಾಡಬೇಕು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಪರೀಕ್ಷಕರು ಕನ್ನಡಕದ ಮೇಲಿಂದ ನೋಡುವ ಗಂಭೀರ ಮನುಷ್ಯ. ಟವೆಲ್ ಹಾಸಿದ್ದನ್ನೂ ನೋಡಿದರು, ಹುಣಸೆಬೀಜವನ್ನೂ ನೋಡಿದರು. ಒಂದೂ ಮುಕ್ಕಾಲು ಸುತ್ತಿಗೆ ಸಾಹೇಬರು ಒಂದು ಇಡೀ ಬೀಜ, ಒಂದು ಅರ್ಧ, ಒಂದು ಚೂರು ಇಟ್ಟರು. ಬಿಚ್ಚಿ ಸ್ವಚ್ಛ ಮಾಡುವುದೆಲ್ಲ ಮುಗಿದಾಗ ಇಪ್ಪತ್ತೆಂಟು ನಿಮಿಷ ಆಗಿತ್ತು, ಜೋಡಿಸುವುದಷ್ಟೇ ಬಾಕಿ. ಗೆದ್ದೆವು ಅಂದುಕೊಂಡೆ.

ಆಗ ಸಾಹೇಬರು ನಿಂತುಬಿಟ್ಟರು. ಬಟ್ಟಲಿಗೆ ಪೆಟ್ರೋಲು ಬರುವ ಬಾಯಿಯನ್ನು ಮುಚ್ಚುವ ಒಂದು ಪುಟ್ಟ ಸೂಜಿಯಿದೆ. ಅದನ್ನು ಉಗುರಿನ ಮೇಲೆ ಹೊರಳಿಸಿ ನೋಡಿದರು.

‘ಸಾರ್, ಇದು ಸವೆದೋಗದೆ. ಬೇರೆ ಕೊಡಿ.’

‘ಬೇರೆ ಇಲ್ಲ. ಅದನ್ನೇ ಹಾಕಿ.’

‘ಆಕುದ್ರೆ ಪೆಟ್ರೋಲು ನಿಲ್ಲಲ್ಲ ಸಾರ್. ಸೋರ್ತದೆ.’

‘ಪರೀಕ್ಷೆಗೆ ಅಷ್ಟೇ ಕಣ್ರೀ. ಯಾರೂ ಓಡಿಸಲ್ಲ. ಜೋಡಿಸದಿದ್ದರೆ ಅರ್ಧಕ್ಕರ್ಧ ಅಂಕ ಹೋಗುತ್ತೆ, ನೋಡಿ.’

ಸಾಹೇಬರು ಸೂಜಿಯನ್ನು ಟವೆಲ್ಲಿನ ಮೇಲೆ ಅದರ ಜಾಗದಲ್ಲೇ ಇಟ್ಟರು. ‘ಪರೀಕ್ಷೆ ಮುಗುದ್ರೂ ಗಾಡಿ ಇಲ್ಲೇ ಇರ್ತದಲ್ಲ ಸಾರ್. ನಾಳಿಕ್ ಯಾರೋ ಬಂದು ಟ್ಯಾಪ್ ತಿರುಗುಸ್ತಾರೆ. ನಾನ್ ಆಕಲ್ಲ.’

ನನಗೆ ತಡೆಯಲಾಗಲಿಲ್ಲ. ಬಾಗಿಲಿನಿಂದಲೇ ‘ಸಾಹೇಬ್ರೇ, ನಿಮ್ಮ ಕಾಲಿಗ್ ಬೀಳ್ತೀನಿ, ಆಕ್ಬುಡಿ’ ಎಂದು ಕೂಗಿದೆ. ಅವರು ನನ್ನ ಕಡೆ ತಿರುಗಿ ನೋಡಿದರು. ಮೂರು ಗಾಡಿಗೆ ಬೆಲ್ಲ ಕುಡಿಸಿದ ದಿನವೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಕೈ ಒರೆಸಿಕೊಂಡು, ಬಿಚ್ಚಿದ ಸಾಲಿನ ಮುಂದೆ ಮಂಡಿ ಮಡಚಿ ಕುಳಿತರು. ಗೋಡೆಯ ಗಡಿಯಾರ ನಡೆಯಿತು. ನಲವತ್ತೈದು ಆಯಿತು.

ಪರೀಕ್ಷಕರು ಎದ್ದು ಬಂದು ಸೂಜಿಯನ್ನು ಕಿಟಕಿಗೆ ಒಯ್ದರು. ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದರು. ಅದರ ತುದಿಯ ಸುತ್ತ ಕೂದಲಿನಷ್ಟು ಸಣ್ಣ ಗೀರು ಬಿದ್ದಿತ್ತು. ಸಾಹೇಬರ ಕಡೆ ತಿರುಗಿ ಕೇಳಿದರು: ‘ಬೆಳಗಿನಿಂದ ಆರು ಜನ ಇದನ್ನ ಜೋಡಿಸಿ ಸ್ಟಾರ್ಟ್ ಮಾಡಿದ್ದಾರೆ. ನಾನೂ ನೋಡಿಲ್ಲ. ನಿಮಗೆ ಹೇಗೆ ಕಾಣಿಸ್ತು?’

‘ಕಾಣಿಸ್ನಿಲ್ಲ ಸಾರ್. ಉಗುರ್ಗ್ ಸಿಕ್ತು.’

ಅವರು ಹಾಳೆಯಲ್ಲಿ ಏನೋ ಬರೆದರು. ಆ ಗಾಡಿಗೆ ‘ಬಳಸಬಾರದು’ ಎಂಬ ಚೀಟಿ ಕಟ್ಟಿಸಿದರು. ಆಮೇಲೆ ಸಾಹೇಬರ ಕೈ ಕುಲುಕಿ ‘ಪಾಸು’ ಎಂದರು. ಗ್ರೀಸು ಅವರ ಅಂಗಿಯ ತೋಳಿಗೂ ಹತ್ತಿತು.

ವಾಪಸ್ ಬಸ್ಸಿನಲ್ಲಿ ನನಗೆ ನಾಚಿಕೆಯಾಗಿತ್ತು. ಪಾಂಡವಪುರ ಬರುವ ಮೊದಲು ಹೇಳಿದೆ: ‘ಸಾಹೇಬ್ರೇ, ಆಕ್ಬುಡಿ ಅಂದ್ನಲ್ಲ, ತಪ್ಪಾಯ್ತು.’

‘ನಂಗೂ ಆಕ್ಬುಡವ ಅನ್ನಿಸ್ತು ಕಣವ್ವ’ ಎಂದರು. ‘ಒಂದ್ ಗಳಿಗೆ ಅನ್ನಿಸ್ತು. ದೊಡ್ಡದಾಗ್ ಮಾತಾಡಿದ್ನಲ್ಲ, ಅವಾಗ್ಲೂ ಅನ್ನಿಸ್ತಾ ಇತ್ತು.’ ನಾನು ಇಳಿದೆ. ಅವರು ಶ್ರೀರಂಗಪಟ್ಟಣಕ್ಕೆ ಹೋದರು.

ಕಾಗದ ಬರುವವರೆಗೆ ಸಾಹೇಬರು ಕೆಲಸದಲ್ಲಿರಲಿ ಎಂದು ಮಾಲೀಕರನ್ನು ಒಪ್ಪಿಸಿದವರು ಶಿವಣ್ಣನೇ. ಸಾಹೇಬರು ಹದಿನೇಳು ದಿನ ಕೆಲಸಕ್ಕೆ ಬಂದರು. ಹದಿನೆಂಟನೆಯ ದಿನ ನಸುಕಿನ ನಮಾಜಿಗೆ ಕೈಕಾಲು ತೊಳೆಯಲು ಹೋದವರು ನಲ್ಲಿಯ ಹತ್ತಿರವೇ ಕುಸಿದರಂತೆ. ಆಸ್ಪತ್ರೆ ತಲುಪಲಿಲ್ಲ. ಅಂದು ಟ್ರ್ಯಾಕ್ ಮುಚ್ಚಿದೆವು. ಶಿವಣ್ಣ ಹೆಗಲು ಕೊಟ್ಟರು. ಸಂಜೆ ಬಂದು ಬೆಂಚಿನ ಒಂದು ತುದಿಗೆ ಕುಳಿತು, ಒಬ್ಬರೇ ಟೀ ಕುಡಿದು ಹೋದರು.

ಪ್ರಮಾಣಪತ್ರ ಬಂದಿದೆ ಎಂದು ನಾಗಮಂಗಲದಿಂದ ಫೋನು ಬಂದದ್ದು ಮತ್ತೂ ಒಂದು ತಿಂಗಳಿಗೆ. ಹೋಗಿ ಸಹಿ ಮಾಡಿ ತಂದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಶ್ರೀರಂಗಪಟ್ಟಣದ ಅವರ ಮನೆಗೆ ಒಯ್ದೆ. ಸಾಹೇಬರ ಹೆಂಡತಿ ಜೈಬುನ್ ಚಾಚಿ, ಗಂಡ ತೀರಿಕೊಂಡವರು ಹೊರಗೆ ಬಾರದ ದಿನಗಳಾದ್ದರಿಂದ, ಒಳಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಎರಡೂ ಕೈಯಲ್ಲಿ ಕೊಟ್ಟೆ. ಅವರು ಸೆರಗು ಸರಿಮಾಡಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೂ ಓದು ಬಾರದು. ಹೆಸರು ಎಲ್ಲಿದೆ, ಪಾಸೆಂದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ.

‘ಇದೇನ್ ಬೇಟಿ? ಇವ್ರು ಪರೀಕ್ಷೆ ಬರ್ದ್ರಾ?’

ಅವರಿಗೆ ಗೊತ್ತೇ ಇಲ್ಲವೆಂದು ನನಗೆ ಆಗಲೇ ಗೊತ್ತಾದದ್ದು.

‘ಹೌದು ಚಾಚಿ. ನಾಗಮಂಗಲದಲ್ಲಿ.’

‘ಯಾವ್ದೋ ಗಾಡಿ ನೋಡ್ಬೇಕು ಅಂತ ಓಗಿದ್ರಲ್ಲ, ಅವತ್ತಾ? ಪಾಸಾಗಿದ್ದು ಅವ್ರಿಗ್ ಗೊತ್ತಿತ್ತಾ?’

‘ಗೊತ್ತಿತ್ತು. ಅಲ್ಲೇ ಹೇಳಿದ್ರು.’

ಚಾಚಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಸವರಿದರು.

‘ಅವತ್ತು ಸಂಜೆ ಒಂದ್ ಮೊಳ ಮಲ್ಲಿಗೆ ತಂದಿದ್ರು. ನಮ್ ಮದ್ವೆ ಒಸದ್ರಲ್ಲಿ ತಂದಿದ್ದು, ಆಮೇಲ್ ಇಲ್ಲ. ಈ ವಯಸ್ನಲ್ಲಿ ಇದ್ಯಾಕ್ರೀ ಅಂತ ಬೈದೆ. ಬಸ್ ಸ್ಟ್ಯಾಂಡಲ್ಲಿ ಊವಿನ್ ಅಜ್ಜಿ ಬುಡ್ಲಿಲ್ಲ, ಅಂಗೇ ತಂದೆ ಅಂದ್ರು.’ ತಲೆಯೆತ್ತಿ ನನ್ನನ್ನು ನೋಡಿದರು. ‘ಇದಕ್ಕಾ?’