ಮದರ್‌ಬೋರ್ಡ್ ಹಾಡಿದ ಬೇಸಿಗೆ

ಬೆಳಿಗ್ಗೆ ಅಲಮಾರಿಯ ಮೇಲೆ ಹಳೆಯ ಚಶ್ಮಾ ಹುಡುಕುತ್ತಿದ್ದೆ. ಚಶ್ಮಾ ಸಿಗಲಿಲ್ಲ, ಬೆಳ್ಳಿ ಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ ಚೀಲವೊಂದು ಕೈಗೆ ಬಂತು. ಮೂಗಿಗೆ ಹಿಡಿದೆ. ಹೊಸ ಚಪ್ಪಲಿಯದೂ ಅಲ್ಲದ, ಔಷಧಿ ಅಂಗಡಿಯದೂ ಅಲ್ಲದ ಒಂದು ಸಣ್ಣ ವಾಸನೆ ಇನ್ನೂ ಉಳಿದಿತ್ತು. ಕಂಪ್ಯೂಟರಿಗೆ ಮದರ್‌ಬೋರ್ಡ್ ಕೊಂಡು ತಂದವರಿಗೆ ಈ ವಾಸನೆ ಗೊತ್ತಿರುತ್ತದೆ. ತಾರದವರಿಗೆ ಇಷ್ಟು ಹೇಳಿದರೆ ಸಾಕು: ಕಂಪ್ಯೂಟರಿನ ಉಳಿದೆಲ್ಲ ಭಾಗಗಳು ಬಂದು ಕೂರುವ ದೊಡ್ಡ ಹಲಗೆ ಅದು. ಹಲಗೆ ಸತ್ತರೆ ಎಲ್ಲವೂ ಸತ್ತಂತೆ.

ನಾಲ್ಕು ಬೇಸಿಗೆಗಳ ಹಿಂದೆ ನಮ್ಮ ಹಲಗೆ ಸತ್ತಿತ್ತು. ನಾನು ಆಳಂದದಲ್ಲಿ ಮಾಸ್ತರಿಕೆಯಿಂದ ನಿವೃತ್ತನಾಗಿ, ನಮ್ಮ ಸೀಮೆಯ ಮಾತುಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಬರೆದಿಡುವ ಗೀಳು ಹಚ್ಚಿಕೊಂಡಿದ್ದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಯಾರು ಏನೆಂದರೂ ಕಿವಿಗೊಟ್ಟು ಕೇಳುವವನು ಎಂದು ನನ್ನ ಬಗ್ಗೆ ನನಗೇ ಭಾರಿ ಅಭಿಮಾನವಿತ್ತು. ಹೊಸ ಬೋರ್ಡನ್ನು ಕಲಬುರಗಿಯಿಂದ ತಂದು ನಾನೇ ಕೂರಿಸಿದೆ. ಹೆಂಡತಿ ಶರಣಮ್ಮ ಟಾರ್ಚ್ ಹಿಡಿದಿದ್ದಳು. ಪರದೆ ಬೆಳಗಿದಾಗ ನಾನು ಮೀಸೆಯ ಮೇಲೆ ಕೈಯಾಡಿಸಿದ್ದು ನಿಜ.

ಆಗಲೇ ಕೇಳಿಸಿತು. ಎರಡು ಸದ್ದು. ಒಂದು ಸ್ಪೀಕರಿನಲ್ಲಿ ಜೇನುಹುಳು ಸಿಕ್ಕಿಬಿದ್ದಂತೆ ಗುಂಯ್‌ಗುಡುತ್ತಿತ್ತು. ಇನ್ನೊಂದು ಕಂಪ್ಯೂಟರಿನ ಡಬ್ಬಿಯ ಒಳಗಿನಿಂದಲೇ ಬರುವ ಕೂದಲೆಳೆಯಂಥ ಸಿಳ್ಳು. ಪರದೆಯ ಮೇಲಿನ ಪುಟವನ್ನು ಮೇಲಕ್ಕೆ ಸರಿಸಿದರೆ ಸಿಳ್ಳು ಏರುತ್ತಿತ್ತು, ನಿಲ್ಲಿಸಿದರೆ ಇಳಿದು ಮಲಗುತ್ತಿತ್ತು. ನಿಮಗೆ ನಗು ಬರಬಹುದು, ಮೊದಲೆರಡು ದಿನ ನಾನು ಕೆಲಸ ಬಿಟ್ಟು ಅದನ್ನೇ ಕೇಳುತ್ತ ಕುಳಿತೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಮುಚ್ಚಿದರೆ ಕರಜಗಿಯ ಕಬ್ಬಿನ ಗದ್ದೆಯಲ್ಲಿ ಗಾಳಿ ನುಗ್ಗಿದಂತೆ. ಇನ್ನೊಮ್ಮೆ, ಬಾವಿಯ ಆಳದಲ್ಲಿ ಯಾರೋ ಬಾಯಿ ತೆರೆಯದೆ ಗುನುಗಿದಂತೆ. ಅರ್ಧ ಎಚ್ಚರ, ಅರ್ಧ ನಿದ್ದೆ. ಕುರ್ಚಿ ನೀರಿನ ಮೇಲೆ ತೇಲುತ್ತಿದೆ ಅನಿಸುತ್ತಿತ್ತು.

ಮೂರನೆಯ ದಿನ ಹೆದರಿಕೆ ಶುರುವಾಯಿತು. ಬೋರ್ಡ್ ಸುಟ್ಟರೆ ಬರೆದಿಟ್ಟ ಮಾತುಗಳ ಗತಿ? ಡಬ್ಬಿಯೊಳಗಿನ ಫ್ಯಾನನ್ನು ಕಡ್ಡಿಯಿಂದ ತಡೆದು ನೋಡಿದೆ, ಸದ್ದು ನಿಲ್ಲಲಿಲ್ಲ. ಸ್ಪೀಕರ್ ಕಿತ್ತೆ, ಜೇನುಹುಳು ಸುಮ್ಮನಾಯಿತು, ಸಿಳ್ಳು ಹಾಗೇ ಉಳಿಯಿತು. ಅಡುಗೆಮನೆಯ ಪ್ಲಗ್ಗಿಗೆ ಹಚ್ಚಿದೆ, ಅಲ್ಲಿಯೂ ಅದೇ ಹಾಡು.

"ನಿನಗ ಕೇಳಸ್ತದೇನು?" ಎಂದು ಶರಣಮ್ಮನನ್ನು ಕರೆದೆ.

ಅವಳು ಡಬ್ಬಿಯ ಹತ್ತಿರ ಬಗ್ಗಿ ನಿಂತಳು. "ಇಲ್ರೀ, ನನಗೇನೂ ಕೇಳವಲ್ದು. ಡಬ್ಬಿದಲ್ಲ ಬಿಡ್ರಿ, ನಿಮ್ಮ ಕಿವೀದs ಇರಬೇಕು."

ಆ ಮಾತು ನನ್ನನ್ನು ಚುಚ್ಚಿತು. ನಾನು ಕೇಳಿದ್ದನ್ನು ಇವಳು ಇಲ್ಲವೆನ್ನುವುದೆಂದರೇನು! ಆಗ ನೆನಪಾದವರು ಮೆಹಬೂಬ ಚಾಚಾ. ನಾನು ಹೊಸದಾಗಿ ಕೆಲಸಕ್ಕೆ ಸೇರಿ ಜೇವರ್ಗಿಯಲ್ಲಿದ್ದಾಗ ಅಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ. ಕೆಟ್ಟ ರೇಡಿಯೋವನ್ನು ಬಿಚ್ಚುವ ಮೊದಲು ಅವರು ಬಹಳ ಹೊತ್ತು ಸುಮ್ಮನೆ ಕೇಳುತ್ತಿದ್ದರು. ಈಗ ಅಫಜಲಪುರದಲ್ಲಿ ಮಗಳ ಮನೆಯಲ್ಲಿದ್ದರು.

ಡಬ್ಬಿಯನ್ನು ಶರಣಮ್ಮನ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. "ಏನ್ರೀ ಮಾಸ್ತರ, ಕೂಸೇನು?" ಎಂದು ಕಂಡಕ್ಟರ್ ನಕ್ಕ. ಮಾದನಹಿಪ್ಪರಗಾ ದಾಟುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಿಟಕಿಯಾಚೆ ತೊಗರಿ ಕೊಯ್ದ ಕಪ್ಪು ಹೊಲಗಳು ಬಿಸಿಲಲ್ಲಿ ನಡುಗುತ್ತ, ಕರಗುತ್ತ ಹಿಂದೆ ಸರಿಯುತ್ತಿದ್ದವು.

ಚಾಚಾಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಕೂಗಿದರಷ್ಟೇ ಕೇಳುತ್ತದೆ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಸದ್ದು ಹುಡುಕಲು ಕಿವುಡರ ಬಳಿ ಬಂದೆನಲ್ಲ ಎಂದು ಬೆವರಿದೆ. ಅವರು ನನ್ನ ಮುಖ ನೋಡಿ ನಕ್ಕರು. ಎರಡೂ ಸದ್ದಿನ ಕಥೆಯನ್ನು ಕೂಗಿ ಹೇಳಿದೆ. ಡಬ್ಬಿ ತೆರೆದು ಕರೆಂಟಿಗೆ ಹಚ್ಚಿಸಿ, ಒಂದು ಬಿದಿರಿನ ಕಡ್ಡಿ ತರಿಸಿ, ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಬೋರ್ಡಿನ ಒಂದೊಂದು ಭಾಗಕ್ಕೂ ಮೆಲ್ಲಗೆ ತಾಗಿಸುತ್ತ ಹೋದರು. ಕಣ್ಣು ಮುಚ್ಚಿ, ಸದ್ದಿನ ನಡುಕ ಹಲ್ಲಿಗೆ ಹತ್ತುವುದನ್ನು ಕಾಯುತ್ತಿದ್ದರು. ಒಂದು ಸಣ್ಣ ಚೌಕದ ಮೇಲೆ ಕಡ್ಡಿ ನಿಂತಿತು.

"ಹಾಡಾಕತ್ತದ ನೋಡ್ರಿ ಮಾಸ್ತರ," ಎಂದರು. "ಇದರಾಗ ತಂತಿ ಸುರುಳಿ ಐತಿ. ಕರೆಂಟ್ ಹಾಯ್ದ್ರ ನಡುಗತದ. ಇದು ಬ್ಯಾನಿ ಅಲ್ಲ, ಸ್ವಭಾವ."

ಆಮೇಲೆ ಬೋರ್ಡ್ ಬಿಚ್ಚಿ, ಅದರ ಕೆಳಗೆ ನಾನು ಬೇಡದ ಜಾಗದಲ್ಲಿ ಕೂರಿಸಿದ್ದ ಒಂದು ಹಿತ್ತಾಳೆಯ ತಿರುಪನ್ನು ತೆಗೆದು ಅಂಗೈಯಲ್ಲಿಟ್ಟರು. "ಸ್ಪೀಕರಿನ್ಯಾಗ ಗುಂಯ್ ಅನಸಿದ್ದು ಇದು. ಇನ್ನೆಂಟು ದಿನ ಬಿಟ್ಟಿದ್ರ ಸುಟ್ಟs ಹೋಗ್ತಿತ್ತು." ನನ್ನ ಮೀಸೆಯ ಗತ್ತು ಅಲ್ಲಿಗೆ ಮುಗಿಯಿತು.

ಚಹಾ ಕುಡಿಯುವಾಗ, ಶರಣಮ್ಮನಿಗೆ ಸಿಳ್ಳು ಕೇಳಿಸಲೇ ಇಲ್ಲ ಎಂದು ಕೂಗಿ ಹೇಳಿದೆ, ದೂರು ಹೇಳುವಂತೆ. ಚಾಚಾ ಬಟ್ಟಲು ಕೆಳಗಿಟ್ಟರು.

"ಆಕೀಗೆ ಬ್ಯಾರೆ ಏನರೆ ಕೇಳಸ್ತದೇನು? ಕೇಳೀರೇನ್ರಿ?"

ಅವರು ತಮ್ಮ ಕಿವುಡು ಕಿವಿಯ ಕಡೆ ಬೆರಳು ಮಾಡಿದರು.

"ನನಗೂ ಮೊದ್ಲು ಸಿಳ್ಳs ಬಂದದ್ದು. ರೇಡಿಯೋದಾಗ ಐತಿ ಅಂದ್ಕೊಂಡು ಎಲ್ಲಾ ರೇಡಿಯೋ ಬಿಚ್ಚಿ ನೋಡ್ದೆ. ಕಿವಿ ತೋರಸಲಿಲ್ಲ ನೋಡ್ರಿ."

ಯುಗಾದಿಯಿಂದಲೂ ಶರಣಮ್ಮ ಹೇಳುತ್ತಲೇ ಇದ್ದಳು: "ಕಿವ್ಯಾಗ ಯಾರೋ ಪೀಪಿ ಊದಿದಂಗ ಆಗ್ತದ್ರಿ." ನಾನು ಪರದೆಯಿಂದ ಮುಖ ತಿರುಗಿಸದೆ, "ಬಿಸಿಲಿಗೆ ಹಂಗ ಆಗ್ತದ, ಮಜ್ಜಿಗಿ ಕುಡಿ" ಎಂದಿದ್ದೆ. ಅಷ್ಟೇ ಅಲ್ಲ, 'ಪೀಪಿ' ಎಂಬ ಮಾತನ್ನು ಮರೆಯದೆ ಪಟ್ಟಿಗೆ ಸೇರಿಸಿದ್ದೆ. ಊರ ಮಾತಿಗೆಲ್ಲ ಕಿವಿಗೊಡುವವನು ನಾನು.

ವಾಪಸು ಬರುವಾಗ ಬಸ್ಸು ಎಂದಿಗಿಂತ ನಿಧಾನವಾಗಿ ಹೋಯಿತು. ಮನೆ ಮುಟ್ಟಿ, ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು, "ಯಾವ ಕಿವಿ?" ಎಂದು ಕೇಳಿದೆ. ಅವಳು ಎಡಗಿವಿ ಮುಟ್ಟಿಕೊಂಡಳು. "ಈಗ ನೆನಪಾತೇನ್ರಿ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮರುದಿನ ಕಲಬುರಗಿಗೆ ಕಿವಿ ಡಾಕ್ಟರ ಹತ್ತಿರ ಹೋದೆವು. ಎಡಗಿವಿಯ ಒಳಗೆ ಕೀವಾಗಿ ತಮಟೆ ತೂತಾಗಿತ್ತು. ಬಲಗಿವಿಗೂ ಅದೇ ಶುರುವಾಗಿತ್ತು. "ಇನ್ನಷ್ಟು ದಿನ ಮೊದ್ಲ ಬರಬೇಕಾಗಿತ್ರಿ," ಎಂದರು ಡಾಕ್ಟರು. ಬಲಗಿವಿ ಉಳಿಯಿತು. ಎಡದ್ದು ಆಪರೇಷನ್ ಆದ ಮೇಲೂ ಹೆಚ್ಚೇನೂ ತಿರುಗಿ ಬರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಪಡಸಾಲೆಯಿಂದ ಅವಳು ಏನೋ ಕೇಳಿದಳು. ಶೇಂಗಾ ಸುಲಿಯುತ್ತ ಕೂತಿದ್ದಾಳೆ. ಮೊದಲಾಗಿದ್ದರೆ ಇಲ್ಲಿಂದಲೇ "ಹ್ಞೂಂ" ಎಂದುಬಿಡುತ್ತಿದ್ದೆ. ಈಗ ಎದ್ದು ಹೋಗಿ, ಅವಳ ಬಲಕ್ಕೆ ಚಾಪೆಯ ಮೇಲೆ ಕೂತು, "ಏನಂದಿ?" ಎನ್ನುತ್ತೇನೆ. ನೀವು ಸ್ವಲ್ಪ ತಡೆಯಿರಿ.