ಎತ್ತಿನ ಪೆಟ್ಟಿಗೆಯಲ್ಲಿ ಒಂದು ಚೀಟಿ

ಚಲುವಮ್ಮನ ಕಥೆ ಹೇಳುವುದಕ್ಕೆ ಮುಂಚೆ ನನ್ನ ಬಗ್ಗೆ ಒಂದು ಮಾತು. ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಹೆಸರು ನಾಗರಾಜು, ಹುದಿಕೇರಿ ಹತ್ತಿರ ಉತ್ತಯ್ಯನವರ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಲೈನಿನ ಕೋಣೆ ಹಂಚುವುದು, ಕಾಫಿ ಹಣ್ಣು ಕುಯ್ಯುವ ಪಿಕ್ಕಿಂಗ್ ಕಾಲದಲ್ಲಿ ಯಾವ ಪುಣ್ಯಾತ್ಮ ಚೀಲದ ತಳಕ್ಕೆ ಮಣ್ಣುಹೆಂಟೆ ತುಂಬಿದ್ದಾನೆ ಎಂದು ಮೊಣಕೈವರೆಗೆ ಕೈ ಇಳಿಸಿ ನೋಡುವುದು, ಇದೇ ನನ್ನ ಕೆಲಸ. ಇಂಥ ಕೆಲಸದವನು ಕಂಡಕಂಡವರನ್ನೆಲ್ಲ ನಂಬುತ್ತಾ ಕೂತರೆ ಎಸ್ಟೇಟು ಹರಾಜಿಗೆ ಬರುತ್ತದೆ. ಆದ್ದರಿಂದ ಚಲುವಮ್ಮನ ಮೇಲೂ ನನಗೆ ಅನುಮಾನವಿತ್ತು. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅವಳು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ. ಮದುವೆಯಾದ ಮೇಲೆ ಗಂಡನ ಜೊತೆ ಹೊಳೆ ದಾಟಿ ಬಂದು ಕುಶಾಲನಗರದ ಹತ್ತಿರ ಗೇಣಿ ಗದ್ದೆ ಮಾಡುತ್ತಿದ್ದಳು. ಆಗ ಕಾವೇರಿಯ ಈ ದಡ ಕೊಡಗು ರಾಜ್ಯ, ಆ ದಡ ಮೈಸೂರು ರಾಜ್ಯ. ತವರಿಗೆ ಹೋದರೆ 'ಕೊಡಗಿನೋಳು ಬಂದ್ಲು' ಅನ್ನುತ್ತಿದ್ದರಂತೆ. ವಾಪಸು ಬಂದರೆ ಇಲ್ಲಿ 'ಮೈಸೂರೋಳು'. ಗಂಡ ಚಳಿಜ್ವರದಲ್ಲಿ ಹೋದ. ಗದ್ದೆಯ ಒಡೆಯ ಗದ್ದೆ ಬಿಡಿಸಿಕೊಂಡ. ಅವಳು ಮಗಳು ರಾಮಮ್ಮನನ್ನು ಕರೆದುಕೊಂಡು ನಮ್ಮ ಲೈನಿಗೆ ಬಂದಳು, ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ.

ಲೈನು ಎಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಆಳುಗಳ ಕೋಣೆಗಳು. ಕಟ್ಟಿಸಿದ ಕಾಲದಲ್ಲಿ ಕೋಣೆಗೊಂದು ಸಂಸಾರ ಎಂದು ಮಾತಾಗಿತ್ತು. ಆಮೇಲೆ ಕಾಫಿಗೆ ಬೆಲೆ ಬಂತು, ಆಳು ಹೆಚ್ಚಿದರು, ಕೋಣೆ ಮಾತ್ರ ಹೆಚ್ಚಲಿಲ್ಲ. ನಡುವೆ ಹಳೇ ಸೀರೆ ಕಟ್ಟಿಸಿ ಕೋಣೆಗೆ ಎರಡು ಸಂಸಾರ ತುಂಬಿದ್ದು ನಾನೇ, ಧಣಿಗಳ ಅಪ್ಪಣೆ. ಚಲುವಮ್ಮ ಮತ್ತು ಮಗಳು ಸೀರೆಯ ಈಚೆ, ಮಾರ, ಅವನ ಹೆಂಡತಿ ದೊಡ್ಡಿ, ಅವರ ಮಕ್ಕಳು ಸೀರೆಯ ಆಚೆ. ಅಷ್ಟು ಜಾಗದಲ್ಲಿ ಅಷ್ಟು ಜನ ಬದುಕಬೇಕಾದರೆ ಏನೂ ಹೊರಗೆ ಚಾಚಿಕೊಂಡಿರಬಾರದು. ಒಲೆಯಿಂದ ಸೌದೆ ಚಾಚಿದರೆ ಯಾರದೋ ಕಾಲು ಸುಡುತ್ತದೆ, ಚಾಪೆ ಚಾಚಿದರೆ ಯಾರೋ ಎಡವುತ್ತಾರೆ. ಹಾಗಾಗಿ ಚಲುವಮ್ಮನ ಕೈಗೆ ಒಂದು ಚಾಳಿ ಅಂಟಿಕೊಂಡುಬಿಟ್ಟಿತ್ತು. ಹೊರಗೆ ಇಣುಕಿದ್ದನ್ನು ಒಳಗೆ ತಳ್ಳದೆ ಅವಳು ಮುಂದೆ ಹೋಗುತ್ತಿರಲಿಲ್ಲ. ಒಂದು ಸಲ ಹಾಜರಿಗೆ ನಿಂತವಳು ನನ್ನ ಜೇಬಿನಿಂದ ಅರ್ಧ ಹೊರಗಿದ್ದ ಕರ್ಚೀಫನ್ನೇ ಒಳಗೆ ತಳ್ಳಿದಳು! "ಏನಮ್ಮಾ ಇದು?" ಎಂದರೆ, "ಬಿದ್ದೋಗ್ತಿತ್ತು ರೈಟ್ರೇ" ಅಂದಳು. ಜೇಬಿಗೇ ಕೈ ಹಾಕುವವಳು ಎಂದು ನಾನು ಅವತ್ತೇ ಮನಸ್ಸಿನಲ್ಲಿ ಇಟ್ಟುಕೊಂಡೆ.

ಲೈನಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಸೀರೆಯ ಆಚೆ ಕಂಡದ್ದನ್ನು, ಕೇಳಿದ್ದನ್ನು ಬಾಯಿ ಬಿಡುವ ಹಾಗಿಲ್ಲ. ಗಂಡ ಹೆಂಡತಿ ಜಗಳವಾಡಿದರೂ ಅಷ್ಟೆ, ಅತ್ತರೂ ಅಷ್ಟೆ. ನಾನು ಎಷ್ಟು ಸಲ ಕೆದಕಿದ್ದೇನೆ, ಒಬ್ಬರ ಬಾಯಿಂದಲೂ ಒಂದು ಮಾತು ಹೊರಡಿಸಲಿಕ್ಕೆ ನನ್ನ ಕೈಲಿ ಆಗಲಿಲ್ಲ. ಥೂ, ಎಂಥ ಗಟ್ಟಿ ಜನ!

ಐವತ್ತಾರರ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಎಲೆಕ್ಷನ್ ಬಂತು. ನಮ್ಮ ಧಣಿ ಉತ್ತಯ್ಯನವರಿಗೆ ಮೊದಲಿನಿಂದ ಒಂದೇ ಹಟ, ಕೊಡಗು ಬೇರೆಯಾಗಿಯೇ ಇರಬೇಕು. "ಮಡಿಕೇರೀಲಿ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಆಗ್ತಿದ್ದ ಕೆಲಸಕ್ಕೆ ಇನ್ನು ಬೆಂಗಳೂರಲ್ಲಿ ಹೋಗಿ ಕೈಕಟ್ಟಿ ನಿಲ್ಲಬೇಕಾ?" ಎಂದು ಗುಡುಗುತ್ತಿದ್ದರು. ಅವರು ನಿಲ್ಲಿಸಿದ ಅಭ್ಯರ್ಥಿಯ ಗುರುತು ಏಣಿ. ಮೈಸೂರಿನ ಜೊತೆಗೇ ಇರೋಣ ಎಂದವರ ಗುರುತು ಎತ್ತು.

ಆದರೆ ಧಣಿಗಳಿಗೆ ನಿದ್ದೆ ಕೆಟ್ಟದ್ದು ಬೆಂಗಳೂರಿನಿಂದಲ್ಲ, ತಮ್ಮದೇ ಲೈನಿನಿಂದ. ಬೆಟ್ಟದ ಮೇಲಿನ ದೊಡ್ಡ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ವೋಟು ಎರಡೇ. ಕೆಳಗೆ ಲೈನಿನಲ್ಲಿ ಕೋಣೆ ಕೋಣೆಗೂ ಅದಕ್ಕಿಂತ ಹೆಚ್ಚು. ಆಳು ಬೇಕೆಂದು ಮೈಸೂರು ಸೀಮೆಯಿಂದ ಕರೆಸಿ ಒತ್ತಿ ಒತ್ತಿ ತುಂಬಿದವರು ಇವರೇ, ಈಗ ಅವರನ್ನು ಕಂಡು ಹೆದರುವವರೂ ಇವರೇ. "ನಾಗರಾಜು, ಇವ್ರೆಲ್ಲ ಯಾರ ಕಡೆ?" ಎಂದು ದಿನಾ ಕೇಳುವರು. ಕೇಳುವಾಗ ನನ್ನ ಮುಖವನ್ನೂ ಒಂದು ಥರಾ ನೋಡುವರು. ನಾನೂ ಮೈಸೂರು ಸೀಮೆಯ ಹುಣಸೂರಿನವನಲ್ಲವೇ!

ವೋಟಿನ ಮುಂಚಿನ ದಿನ ಎಲ್ಲರನ್ನೂ ದೊಡ್ಡ ಮನೆಯ ಅಂಗಳಕ್ಕೆ ಕರೆಸಿದರು. ನಡುಮನೆಯಲ್ಲಿ ತೂಗುದೀಪ ಹಚ್ಚಿದ್ದರು. ದೀಪದ ಕೆಳಗಿಟ್ಟ ಅಕ್ಕಿಯನ್ನು ತಟ್ಟೆಗೆ ತುಂಬಿ ಹಿಡಿದು ನಿಂತವರು ಧಣಿಗಳ ಹೆಂಡತಿ ಬೊಳ್ಳಮ್ಮ. ಒಬ್ಬೊಬ್ಬರೂ ಒಂದು ಚಿಟಿಕೆ ಅಕ್ಕಿ ಹಿಡಿದು, "ಕಾವೇರಮ್ಮನಾಣೆ, ಏಣಿಗೇ ನನ್ ವೋಟು" ಎನ್ನಬೇಕು. ಮೊದಲು ನನ್ನ ಕೈಲೇ ಹೇಳಿಸಿದರು, ನನಗೆ ಮೈ ಉರಿದುಹೋಯಿತು. ಮಾರ ಹೇಳಿದ, ದೊಡ್ಡಿ ಹೇಳಿದಳು, ಚಲುವಮ್ಮನೂ ಹೇಳಿದಳು. ಬೊಳ್ಳಮ್ಮನವರು ತಟ್ಟೆಯನ್ನು ಎಲ್ಲರ ಮುಂದೆಯೂ ಹಿಡಿದು, ಖಾಲಿಯಾದ ಮೇಲೆ ಒಳಗೆ ಹೋಗಿ ಎಲ್ಲರಿಗೂ ಬೆಲ್ಲದ ಕಾಫಿ ಕಳಿಸಿದರು.

ಮರುದಿನ ಶಾಲೆಯಲ್ಲಿ ವೋಟು, ಅಲ್ಲಿಗೆ ಬರುವವರೆಲ್ಲ ನಮ್ಮ ಎಸ್ಟೇಟಿನವರೇ. ಆಗಿನ ಪದ್ಧತಿ ಈಗಿನಂತಲ್ಲ, ಮುದ್ರೆ ಒತ್ತುವುದಿಲ್ಲ. ಪರದೆಯ ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಗುರುತಿನ ಚಿತ್ರ. ಕೈಗೆ ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಯ ಸೀಳಿನೊಳಗೆ ಹಾಕಿ ಬರುವುದು. ಧಣಿಗಳ ಜೀಪು ಬಂದಾಗ ಹೆಂಗಸರ ಸಾಲು ಸರಿದು ಬೊಳ್ಳಮ್ಮನವರಿಗೆ ದಾರಿ ಬಿಟ್ಟಿತು. ಅವರು ಒಳಗೆ ಹೋಗಿ ಬಂದರು. ಅವರ ಹಿಂದೆಯೇ ಚಲುವಮ್ಮ ಹೋದಳು, ಆಮೇಲೆ ದೊಡ್ಡಿ. ಎಲ್ಲ ಸುಸೂತ್ರವಾಗಿ ಆಯಿತು ಎಂದುಕೊಂಡು ನಾನು ಬೀಡಿ ಹಚ್ಚಿದೆ.

ಎಣಿಕೆ ನೋಡಿ ಬಂದವರು ಧಣಿಗಳ ಸ್ನೇಹಿತ ಬೋಜಪ್ಪನವರು. ಏಣಿ ಒಟ್ಟಿನಲ್ಲಿ ಸೋತಿತ್ತು. ಅದನ್ನು ಧಣಿಗಳು ಹೇಗೋ ನುಂಗಿಕೊಂಡರು. ಬೋಜಪ್ಪನವರು ಅಷ್ಟಕ್ಕೇ ನಿಲ್ಲಿಸಬಾರದಾಗಿತ್ತೇ? "ನಿಮ್ಮ ಶಾಲೆ ಪೆಟ್ಟಿಗೇಲಿ ಎಲ್ಲಾ ಏಣಿಗೇ ಉತ್ತಯ್ಯ. ಎತ್ತಿನ ಪೆಟ್ಟಿಗೇಲಿ ಒಂದೇ ಒಂದು ಚೀಟಿ ಇತ್ತು. ಅದ್ಯಾರದಪ್ಪಾ?" ಎಂದು ನಕ್ಕರು. ಧಣಿಗಳು ನಗಲಿಲ್ಲ. ಊರೆಲ್ಲ ಕೈಬಿಟ್ಟಿದ್ದರೂ ಅವರಿಗೆ ಅಷ್ಟು ಉರಿಯುತ್ತಿರಲಿಲ್ಲ. ದೀಪದ ಅಕ್ಕಿ ಹಿಡಿದು ಒಬ್ಬ ಸುಳ್ಳು ಹೇಳಿದನಲ್ಲ ಎಂಬುದು ಅವರ ಎದೆಗೆ ಚುಚ್ಚಿತು.

ಅಲ್ಲಿಂದ ಶುರುವಾಯಿತು ನೋಡಿ. ಕಣದಲ್ಲಿ ಕಾಫಿ ಹರವುವವರು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದರು. ಜೀಪಿನ ಡ್ರೈವರ್ ನನ್ನ ಹೆಸರು ಹೇಳಿದ, ನಾನು ಅವನ ಹೆಸರು ಹೇಳಿದೆ. ಬರಬರುತ್ತಾ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಹೊಳೆಯಾಚೆ ಹುಟ್ಟಿದವಳು, ಮೈಸೂರಿನ ಮಾತಾಡುವವಳು, ಇನ್ಯಾರು? ಲೈನಿನಲ್ಲಿ ಮೈಸೂರು ಸೀಮೆಯವರು ಬೇಕಾದಷ್ಟು ಜನ ಇದ್ದರು. ಅವರೇ ಮೊದಲು ಚಲುವಮ್ಮನ ಹೆಸರು ಹೇಳಿದ್ದು, ತಮ್ಮ ತಲೆ ಉಳಿದರೆ ಸಾಕಲ್ಲ! ದೊಡ್ಡಿ ಒಲೆಗೆ ಕೆಂಡ ಕೊಡುವುದನ್ನು ನಿಲ್ಲಿಸಿದಳು. ನಡುವಿನ ಸೀರೆಯ ತೂತುಗಳಿಗೆ ತೇಪೆ ಬಿತ್ತು.

ಚಲುವಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಹೋದ ವರ್ಷ ಮದುವೆಯಾಗಿದ್ದ ರಾಮಮ್ಮನಿಗೆ ಹೆರಿಗೆಯ ದಿನ ತುಂಬಿತ್ತು, ಅಳಿಯ ತಿತಿಮತಿ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗಿದ್ದ. ಕೋಣೆ ಬಿಟ್ಟರೆ ಬಾಣಂತನಕ್ಕೆ ಅವರಿಗೆ ಬೇರೆ ಸೂರು ಇರಲಿಲ್ಲ.

ಒಂದು ಬೆಳಗ್ಗೆ ಧಣಿಗಳು ಮತ್ತೆ ದೀಪ ಹಚ್ಚಿಸಿದರು. ಈ ಸಲ ಅಕ್ಕಿ ಹಿಡಿದು, "ಎತ್ತಿನ ಪೆಟ್ಟಿಗೆ ನಾನು ಮುಟ್ಟಿಲ್ಲ" ಎಂದು ಹೇಳಬೇಕು. ಹೇಳದವರು ಲೈನು ಖಾಲಿ ಮಾಡಬೇಕು. ತಟ್ಟೆ ಹಿಡಿದವರು ಮತ್ತೆ ಬೊಳ್ಳಮ್ಮನವರೇ, ಮುಖ ಸ್ವಲ್ಪ ಸಪ್ಪಗಿತ್ತು. ನಾನು ಹೇಳಿದೆ, ಡ್ರೈವರ್ ಹೇಳಿದ, ಮಾರ, ದೊಡ್ಡಿ, ಎಲ್ಲರೂ ಹೇಳಿದರು. ಚಲುವಮ್ಮ ತಟ್ಟೆಯ ಹತ್ತಿರ ಬಂದು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು.

"ನನ್ ಚೀಟಿ ಏಣಿಗೇ ಹಾಕಿದೀನಿ ಧಣಿ. ಆ ಮಾತಿಗೆ ಬೇಕಾದ್ರೆ ಈಗ್ಲೇ ಅಕ್ಕಿ ಹಿಡೀತೀನಿ. ಆದ್ರೆ ಎತ್ತಿನ ಪೆಟ್ಟಿಗೆ ಮುಟ್ಟಿಲ್ಲ ಅಂತ ಆಣೆ ಮಾಡಕ್ಕಾಗಲ್ಲ. ಮುಟ್ಟಿದೀನಿ."

ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು.

"ಮುಟ್ಟಿದ್ದು ಯಾಕೆ?" ಎಂದರು ಧಣಿ.

"ಅದನ್ನ ಹೇಳಲ್ಲ. ಪರದೆ ಒಳಗೆ ನೋಡಿದ್ದು ಹೊರಗೆ ಹೇಳೋ ಪದ್ಧತಿ ನಮ್ ಲೈನಲ್ಲಿಲ್ಲ."

"ನಾಟಕ ಆಡ್ತೀಯ? ಚೀಟಿ ಹಾಕದೆ ಪೆಟ್ಟಿಗೆ ಮುಟ್ಟೋದು ಎಂಥದ್ದು? ನಾಗರಾಜು, ಸಂಜೆಯೊಳಗೆ ಇವಳ ಕೋಣೆ ಖಾಲಿ ಆಗ್ಬೇಕು!"

ಸರಿ, ಇದರಲ್ಲಿ ಅನುಮಾನಕ್ಕೆ ಇನ್ನೇನು ಉಳಿಯಿತು? ಕಳ್ಳಿ ತಾನೇ ಸಿಕ್ಕಿಬಿದ್ದಳು ಎಂದು ನಾನೂ ಅಂದುಕೊಂಡೆ. ಮಧ್ಯಾಹ್ನ ಆಳುಗಳನ್ನು ಕರೆದುಕೊಂಡು ಲೈನಿಗೆ ಹೋದೆ. ಅವಳ ಮಡಕೆ, ಕುಡಿಕೆ, ಚಾಪೆ, ರಾಗಿ ಬೀಸುವ ಕಲ್ಲು ಒಂದೊಂದೇ ಹೊರಗೆ ಬಂದವು. ರಾಮಮ್ಮ ಗೋಡೆ ಹಿಡಿದು ಎದ್ದು ಬಂದು ಬೀಸುವ ಕಲ್ಲಿನ ಮೇಲೆ ಕೂತಳು. ಬಿಸಿಲು ಚುರುಗುಟ್ಟುತ್ತಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ನಾನು ಆ ಕಡೆ ನೋಡದೆ ಆಳುಗಳನ್ನು ಅವಸರಪಡಿಸಿದೆ, ಕೆಲಸ ಕೆಲಸವೇ. ಧಣಿಗಳೂ ಬಂದು ಕೊಡೆ ಊರಿಕೊಂಡು ನಿಂತರು. ಚಲುವಮ್ಮ ಅಳಲಿಲ್ಲ. ಅಂಗಳಕ್ಕೆ ಬಿದ್ದ ಬಟ್ಟೆಗಂಟಿನಿಂದ ಒಂದು ಸೆರಗು ಹೊರಗೆ ಇಳಿದಿತ್ತು, ಅದನ್ನು ಬಗ್ಗಿ ಒಳಗೆ ತುರುಕುತ್ತಿದ್ದಳು.

ಆಗ ಮೇಲಿನ ದಾರಿಯಿಂದ ಬೊಳ್ಳಮ್ಮನವರು ಬರುವುದು ಕಾಣಿಸಿತು. ಲೈನಿಗೆ ಅವರು ಯಾವತ್ತೂ ಕಾಲಿಟ್ಟವರಲ್ಲ. ಕೈಯಲ್ಲಿ ಅದೇ ಅಕ್ಕಿಯ ತಟ್ಟೆ ಇತ್ತು. ನೇರವಾಗಿ ಗಂಡನ ಮುಂದೆ ಬಂದು ನಿಂತರು.

"ಇಡೀ ಎಸ್ಟೇಟಿನವರ ಕೈಗೆಲ್ಲ ಅಕ್ಕಿ ಕೊಟ್ರಿ. ಎರಡು ಸಲವೂ ತಟ್ಟೆ ಹಿಡಿದೋಳು ನಾನು. ನನ್ನ ಕೈಗೆ ಯಾಕೆ ಕೊಡ್ಲಿಲ್ಲ?"

"ನಿನಗ್ಯಾಕೆ ಕೊಡೋದು? ನೀನು ನಮ್ಮನೆಯೋಳು."

"ಮನೆಯೋಳೇ. ಆದ್ರೆ ಶಾಲೇಲಿ ನನ್ನ ಕೈಗೂ ಬೇರೇನೇ ಒಂದು ಚೀಟಿ ಕೊಟ್ರಲ್ಲ!"

ಬೊಳ್ಳಮ್ಮನವರು ತಟ್ಟೆಯಿಂದ ಅಕ್ಕಿ ತೆಗೆದು ಮುಷ್ಟಿಯಲ್ಲಿ ಹಿಡಿದರು. ನಾವೆಲ್ಲ ಕಾದೆವು. ಎತ್ತಿನ ಪೆಟ್ಟಿಗೆ ಮುಟ್ಟಿಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅಕ್ಕಿಯನ್ನು ತಟ್ಟೆಗೆ ವಾಪಸು ಸುರಿದರು.

"ನನ್ನ ತವರು ಸೋಮವಾರಪೇಟೆ ಆಚೆ. ಅಕ್ಕ ಇರೋದು ಮೈಸೂರು ಕಡೆ, ಸಕಲೇಶಪುರದಲ್ಲಿ. ನೀವು ಬೇರೆ, ಬೇರೆ ಅಂತಿದ್ರೆ ನಾನು ಯಾವ ಕಡೆಯೋಳು ಅಂತ ಒಂದಿನ ಕೇಳಿದ್ರಾ? ನೀವು ಕೇಳಿದ್ರೆ ಹೇಳ್ತಿದ್ದೆ. ಈ ಪಾಪದ ಹೆಂಗಸನ್ನ ಓಡಿಸೋಕೆ ಹೊರಟ್ರಲ್ಲ, ಅದನ್ನ ನೋಡಿಕೊಂಡಿರೋಕೆ ನನ್ನ ಕೈಲಾಗಲ್ಲ."

ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡುತ್ತಾ ನಿಂತೆ. ಅನುಮಾನವೇ ನನ್ನ ಕಸುಬು, ಎಸ್ಟೇಟಿನ ನಾಯಿಯನ್ನೂ ಬಿಟ್ಟವನಲ್ಲ. ಆದರೂ ಬೆಟ್ಟದ ಮೇಲಿನ ಆ ಮನೆಯ ಕಡೆಗೆ ನನ್ನ ಕಣ್ಣು ಒಂದು ಸಲವೂ ತಿರುಗಿರಲಿಲ್ಲ. ಎರಡು ವೋಟಿನ ಮನೆಯಲ್ಲಿ ಎರಡು ಕಡೆ ಇರಬಹುದು ಎಂದು ಯಾರಿಗೆ ಹೊಳೆಯಬೇಕು?

ಧಣಿಗಳು ರಾಮಮ್ಮನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಲಿಲ್ಲ. ಕೊನೆಗೆ ನನ್ನ ಮೇಲೆ ಹರಿಹಾಯ್ದರು. "ಏನ್ ನೋಡ್ತಾ ನಿಂತಿದ್ದೀಯಾ ನಾಗರಾಜು? ಬಸುರಿ ಹೆಂಗಸು ಬಿಸಿಲಲ್ಲಿ ಕೂತಿದ್ದಾಳೆ, ಕಣ್ ಕಾಣಲ್ವಾ? ಸಾಮಾನೆಲ್ಲ ಒಳಗಿಡ್ಸು! ಆ ಮಾರನ ಸಂಸಾರಕ್ಕೆ ಬೇರೆ ಕೋಣೆ ನೋಡು. ಬಾಣಂತಿ ಇರೋ ಜಾಗದಲ್ಲಿ ಅಷ್ಟು ಜನ ಬೇಡ." ಬೇರೆ ಕೋಣೆ ಎಲ್ಲಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಕಾಫಿ ಗೋದಾಮಿನ ಮೂಲೆ ಬಿಡಿಸಿ ಕೊಟ್ಟೆ.

ದೊಡ್ಡಿಯೇ ಮುಂದೆ ಬಂದು ರಾಮಮ್ಮನ ತೋಳು ಹಿಡಿದು ಎಬ್ಬಿಸಿದಳು. ಬೊಳ್ಳಮ್ಮನವರು ಹೊರಟವರು ಚಲುವಮ್ಮನ ಹತ್ತಿರ ನಿಂತು ಮೆಲ್ಲಗೆ ಕೇಳಿದರು. ಮೆಲ್ಲಗೆ ಎಂದರೇನು, ಲೈನಿನ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು.

"ನೀನು ಯಾಕೆ ಚಲುವಮ್ಮ ಆ ಪೆಟ್ಟಿಗೆ ಮುಟ್ಟಿದ್ದು?"

ಚಲುವಮ್ಮ ಒಂದು ಸಲ ಧಣಿಗಳ ಕಡೆ ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ.

"ನಿಮ್ ಚೀಟಿ ಅರ್ಧ ಹೊರಗೇ ಇತ್ತಲ್ಲಮ್ಮ. ನಿಮ್ ಹಿಂದೇನೇ ಹೋದೋಳು ನಾನು, ಹಿಂದಿರೋರು ನೋಡಿದ್ರೆ ನಿಮಗೆ ತೊಂದ್ರೆ ಅಂತ ಬೆರಳಲ್ಲಿ ತಳ್ಳಿದೆ. ಮುಂದಿನ ಸಲ ಪೂರ್ತಿ ಒಳಗೆ ಹಾಕಿ ಬನ್ನಿ!"

ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡರು. ಧಣಿಗಳು ಆ ಕಡೆ ತಿರುಗಿ ನಿಂತರು, ಅವರ ಭುಜ ಅಲುಗುತ್ತಿತ್ತು. ಅವರು ನಕ್ಕಿದ್ದೋ ಅತ್ತಿದ್ದೋ, ನನಗೆ ಇವತ್ತಿಗೂ ಅನುಮಾನ.